ಕನ್ನಡಕವೋ, ಕಣ್ಣಿನ ಮೇಲಿಡುವ ಮಸೂರವೋ?

ಇಂದ್ರಿಯಗಳಲ್ಲೆಲ್ಲ ಕಣ್ಣೇ ಮಿಗಿಲಾದುದೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೂ ಮನೆಯಲ್ಲಿ ಒಂದು ಮಗುವಿಗೆ ದೃಷ್ಟಿ ಮಂದವಾಗಿದೆಯೆಂದು ವೈದ್ಯರು ತಿಳಿಸಿದ ಕೂಡಲೆ ತಂದೆತಾಯಿಗಳಲ್ಲಿ ಹುಟ್ಟುವ ಮೊದಲ ಚಿಂತೆಯು ಕಣ್ಣನ್ನು ಕುರಿತದ್ದಲ್ಲ, ಮುಖವನ್ನು ಕುರಿತದ್ದು. ‘ಇಷ್ಟು ಚಿಕ್ಕ ವಯಸ್ಸಿಗೇ ಕನ್ನಡಕವೆ?’ ಎಂದು ಅಜ್ಜಿಯು ನಿಟ್ಟುಸಿರು ಬಿಡುವರು. ‘ಸೋಡಾಬುಡ್ಡಿ’ ಎಂದು ಶಾಲೆಯ ಹುಡುಗರು ಹಾಸ್ಯಮಾಡುವರು. ಹೆಣ್ಣುಮಗುವಾದರಂತೂ ಅದರ ಮದುವೆಯ ಮಾತು ಆಗಲೇ ಬಂದುಹೋಗುವುದು.

ಕಳೆದ ವರ್ಷ ನಮ್ಮ ದಾಯಾದಿ ಸೋದರಿಯೊಬ್ಬಳು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಹುಡುಗಿಗೆ ಎಂಟನೆಯ ತರಗತಿಯಿಂದಲೂ ಕನ್ನಡಕವಿದೆ. ಗಾಜಿನ ಅಂಕಿಯು ಏರುತ್ತ ಏರುತ್ತ ಈಗ ಎಂಟಕ್ಕೆ ಬಂದು ನಿಂತಿದೆ. ವರನ ಕಡೆಯವರು ಹೆಣ್ಣು ನೋಡಲು ಬರುವ ದಿನವು ಗೊತ್ತಾಗಿತ್ತು.

“ಅವರು ಬರುವುದರೊಳಗೆ ಇವಳಿಗೆ ಲೆನ್ಸ್ ಹಾಕಿಸಿಬಿಡಬೇಕೆಂದು ನಾನು, ಬೇಡವೆಂದು ಇವಳು. ಅಣ್ಣಾ, ನೀವೇ ಇವಳಿಗೆ ಬುದ್ಧಿ ಹೇಳಿ” ಎಂದಳು ತಾಯಿ.

“ಲೆನ್ಸ್ ಬೇಡವೆಂದು ನಾನು ಹೇಳಿಲ್ಲ ಮಾವ, ಬಚ್ಚಿಡುವುದಕ್ಕಾಗಿ ಬೇಡವೆಂದೆ” ಎಂದಳು ಮಗಳು.

ಈ ಎರಡು ಮಾತುಗಳ ನಡುವೆಯೇ ಇಡೀ ವಿಷಯವು ಅಡಗಿದೆಯೆಂದು ನಮಗೆ ತೋರಿತು. ಅಂದು ನಾವು ಏನನ್ನೂ ತೀರ್ಮಾನಿಸಿ ಹೇಳಲಿಲ್ಲ. ನೇತ್ರವೈದ್ಯರನ್ನು ಕೇಳಿಯೂ, ಗ್ರಂಥಗಳನ್ನು ನೋಡಿಯೂ ತಿಳಿದುಕೊಂಡುದನ್ನು ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ದೃಷ್ಟಿದೋಷವೆಂದರೇನು?

ನಮ್ಮ ಕಣ್ಣಿನ ಗುಡ್ಡೆಯು ಮುಂದಿನಿಂದ ಹಿಂದಕ್ಕೆ ಸುಮಾರು ೨೪ ಮಿಲಿಮೀಟರು ಉದ್ದವಾಗಿರುವುದು. ಹೊರಗಿನಿಂದ ಬಂದ ಬೆಳಕು ಎರಡು ಕಡೆ ಬಾಗಿ, ಹಿಂಬದಿಯ ಅಕ್ಷಿಪಟದ ಮೇಲೆ ಒಂದುಗೂಡಿದರೆ ಮಾತ್ರ ವಸ್ತುವು ಸ್ಪಷ್ಟವಾಗಿ ಕಾಣುವುದು. ಆ ಎರಡರಲ್ಲಿ ಮೊದಲನೆಯದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ. ಎರಡನೆಯದು ಒಳಗಿನ ಮಸೂರ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಕಾರ್ನಿಯಾವೇ ಮಾಡುವುದು. ಕಣ್ಣಿನ ಉದ್ದವು ಒಂದೇ ಒಂದು ಮಿಲಿಮೀಟರು ಹೆಚ್ಚಾದರೂ ಬೆಳಕು ಅಕ್ಷಿಪಟಕ್ಕಿಂತ ಮುಂದೆಯೇ ಕೂಡಿ, ದೂರದ ವಸ್ತುಗಳು ಮಸುಕಾಗುವುವು. ಇದೇ ಸಮೀಪದೃಷ್ಟಿ. ಇದಕ್ಕೆ ತಗ್ಗಾದ ಗಾಜು, ಎಂದರೆ ಋಣ ಚಿಹ್ನೆಯ ಅಂಕಿ. ಕಣ್ಣು ಗಿಡ್ಡವಾಗಿದ್ದರೆ ದೂರದೃಷ್ಟಿ. ಅದಕ್ಕೆ ಉಬ್ಬಿದ ಗಾಜು. ಕಾರ್ನಿಯಾದ ಬಾಗು ಎಲ್ಲ ಕಡೆಗೂ ಸಮವಾಗಿಲ್ಲದೆ, ಚೆಂಡಿನಂತಿರುವ ಬದಲು ಮೊಟ್ಟೆಯ ಮೈಯಂತಿದ್ದರೆ ಗೆರೆಗಳು ಕದಡಿದಂತೆ ಕಾಣುವುವು. ಅದಕ್ಕೆ ಉರುಳೆಯಾಕಾರದ ಗಾಜು. ನಾಲ್ವತ್ತು ದಾಟಿದ ಮೇಲೆ ಒಳಗಿನ ಮಸೂರವು ಬಿರುಸಾಗಿ ಹತ್ತಿರದ ಅಕ್ಷರವು ಕಾಣದಾಗುವುದು. ಹಿಂದುಸ್ತಾನಿಯಲ್ಲಿ ನಾಲ್ವತ್ತಕ್ಕೆ ‘ಚಾಳೀಸ್’ ಎನ್ನುವುದರಿಂದಲೇ ನಮ್ಮವರು ಕನ್ನಡಕಕ್ಕೆ ‘ಚಾಳೀಸು’ ಎಂದು ಹೆಸರಿಟ್ಟರು.

ಇದರಿಂದ ತಿಳಿಯತಕ್ಕದ್ದೇನೆಂದರೆ, ದೋಷವು ಕಣ್ಣಿನ ಆಕಾರದಲ್ಲಿದೆ. ಕನ್ನಡಕವಾಗಲಿ ಲೆನ್ಸಾಗಲಿ ಬೆಳಕಿನ ದಾರಿಯನ್ನು ತಿದ್ದುವುದೇ ಹೊರತು ಬೆಳೆದ ಕಣ್ಣನ್ನು ಕುಗ್ಗಿಸುವುದಿಲ್ಲ. ಲೆನ್ಸ್ ಹಾಕಿಕೊಂಡವರ ಮುಖದಲ್ಲಿ ಕನ್ನಡಕ ಕಾಣುವುದಿಲ್ಲ, ಅಷ್ಟೆ. ದೋಷವು ಇದ್ದಲ್ಲೇ ಇರುವುದು. ಅಂಕಿ ಹೆಚ್ಚಿದ ಸಮೀಪದೃಷ್ಟಿಯವರಲ್ಲಿ ಅಕ್ಷಿಪಟವು ತೆಳುವಾಗಿ ಹರಿಯುವ ಭಯವುಂಟಾದುದರಿಂದ, ಯಾವುದನ್ನು ಧರಿಸಿದರೂ ವರ್ಷಕ್ಕೊಮ್ಮೆ ವೈದ್ಯರಿಂದ ಕಣ್ಣಿನ ಒಳಭಾಗವನ್ನು ಪರೀಕ್ಷೆ ಮಾಡಿಸುವುದು ಅವಶ್ಯ.

ಎರಡರ ಪೂರ್ವಚರಿತ್ರೆ

ಕನ್ನಡಕವು ೧೩ನೆಯ ಶತಮಾನದ ಕೊನೆಯಲ್ಲಿ ಇಟಲಿ ದೇಶದಲ್ಲಿ ಹುಟ್ಟಿತು. ಮೊದಲಿಗೆ ಬಂದುದು ಓದುವ ಮುದುಕರಿಗಾಗಿ ಉಬ್ಬಿದ ಗಾಜು. ಸಮೀಪದೃಷ್ಟಿಯವರ ತಗ್ಗಿದ ಗಾಜು ಬರಲು ೧೫ನೆಯ ಶತಮಾನದವರೆಗೆ ಕಾಯಬೇಕಾಯಿತು. ದೂರಕ್ಕೊಂದು, ಹತ್ತಿರಕ್ಕೊಂದು ಗಾಜನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಿದ ಕನ್ನಡಕವನ್ನು ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್ ೧೭೮೪ರ ತನ್ನ ಪತ್ರವೊಂದರಲ್ಲಿ ಹೊಗಳಿದ್ದಾನೆ. ಕನ್ನಡಿಗರಿಗೂ ಈ ಉಪನೇತ್ರವು ಬಹಳ ಹಳೆಯ ಪರಿಚಯ. ವಿಜಯನಗರದ ಕಾಲದ ಸೋಮನಾಥ ಕವಿಯು ಬರೆದ ವ್ಯಾಸಯೋಗಿಚರಿತವೆಂಬ ಸಂಸ್ಕೃತ ಗ್ರಂಥದಲ್ಲಿ, ವೃದ್ಧರಾದ ವ್ಯಾಸತೀರ್ಥರು ಕನ್ನಡಕದ ಸಹಾಯದಿಂದ ಗ್ರಂಥಾವಲೋಕನ ಮಾಡುತ್ತಿದ್ದ ಪ್ರಸ್ತಾಪವಿದೆ. ರಾಜಗುರುಗಳಿಗೆ ಕುಂದೆನಿಸದ ವಸ್ತುವು ನಮ್ಮ ಹೆಣ್ಣುಮಕ್ಕಳಿಗೆ ಹೇಗೆ ಕುಂದಾಯಿತೋ ನಾವು ಕಾಣೆವು!

ಕಣ್ಣಿಗೇ ಅಂಟಿಕೊಳ್ಳುವ ಲೆನ್ಸು ಇದಕ್ಕಿಂತ ಬಹಳ ಕಿರಿಯದು. ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ವೈದ್ಯನಾಗಿದ್ದ ಅಡಾಲ್ಫ್ ಫಿಕ್ ಎಂಬಾತನು ತೆಳುಗಾಜಿನ ಬಟ್ಟಲುಗಳನ್ನು ಮಾಡಿಸಿ, ಮೊದಲು ಮೊಲಗಳ ಕಣ್ಣಿನಲ್ಲಿಯೂ ಆಮೇಲೆ ತನ್ನ ಕಣ್ಣಿನಲ್ಲಿಯೂ ಇಟ್ಟು ನೋಡಿ, ೧೮೮೮ರಲ್ಲಿ ಆ ವಿವರವನ್ನು ಪ್ರಕಟಿಸಿದನು. ಮರುವರ್ಷವೇ ಜರ್ಮನಿಯ ಆಗಸ್ಟ್ ಮ್ಯೂಲರ್ ಎಂಬ ವಿದ್ಯಾರ್ಥಿಯು ತನ್ನ ತೀವ್ರವಾದ ಸಮೀಪದೃಷ್ಟಿಯನ್ನು ತಿದ್ದಿಕೊಳ್ಳಲು ಇಂತಹದೇ ಗಾಜನ್ನು ಹಾಕಿಕೊಂಡನು. ಆದರೆ ಅರ್ಧ ಗಂಟೆಗಿಂತ ಹೆಚ್ಚು ಕಾಲ ಆ ನೋವನ್ನು ತಾಳಲಾರದೆ ಹೋದನು. ಇದಕ್ಕೆ ಕಾರಣವುಂಟು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದಲೇ ಆಮ್ಲಜನಕವನ್ನು ಪಡೆಯಬೇಕು. ಗಾಜಿನ ಮುಚ್ಚಳ ಹಾಕಿದರೆ ಅದರ ಉಸಿರು ಕಟ್ಟುವುದು.

೧೯೪೮ರಲ್ಲಿ ಅಮೇರಿಕದ ಕೆವಿನ್ ಟ್ಯೂಹಿ ಎಂಬಾತನು ಕಣ್ಣಿನ ಬಿಳಿಯ ಭಾಗವನ್ನು ಮುಟ್ಟದೆ ಕಾರ್ನಿಯಾದ ಮೇಲೆ ಮಾತ್ರ ಕೂಡುವ ಪ್ಲಾಸ್ಟಿಕ್ಕಿನ ಪುಟ್ಟ ಲೆನ್ಸನ್ನು ಮಾಡಿದನು. ಇನ್ನೂ ದೊಡ್ಡ ಹೆಜ್ಜೆಯನ್ನಿಟ್ಟವನು ಪ್ರಾಗ್ ನಗರದ ರಸಾಯನಶಾಸ್ತ್ರಜ್ಞನಾದ ಓಟ್ಟೋ ವಿಖ್ಟರ್ಲೆ. ನೀರನ್ನು ಹೀರಿ ಮೆತ್ತಗಾಗುವ ಒಂದು ಪ್ಲಾಸ್ಟಿಕ್ಕನ್ನು ಆತನು ಕಂಡುಹಿಡಿದಿದ್ದನು. ೧೯೬೧ರ ಕ್ರಿಸ್‌ಮಸ್ ದಿನಗಳಲ್ಲಿ, ಮಕ್ಕಳು ಆಟಕ್ಕೆ ಜೋಡಿಸುವ ಲೋಹದ ತುಂಡುಗಳನ್ನೂ ಬೈಸಿಕಲ್ಲಿನ ಡೈನಮೋವನ್ನೂ ಕೂಡಿಸಿ, ಮನೆಯಲ್ಲಿಯೇ ಯಂತ್ರವೊಂದನ್ನು ಕಟ್ಟಿ, ಆ ಪದಾರ್ಥದಿಂದ ಮೃದುವಾದ ಲೆನ್ಸುಗಳನ್ನು ಎರಕಹೊಯ್ದನು. ಇಂದು ಲೋಕದಲ್ಲೆಲ್ಲ ಹೆಚ್ಚಾಗಿ ಧರಿಸುವ ಮೃದು ಲೆನ್ಸುಗಳ ಮೂಲವು ಈ ಮನೆಯ ಕಾರ್ಖಾನೆಯೇ. ಆಮ್ಲಜನಕವನ್ನು ಹೆಚ್ಚು ಧಾರಾಳವಾಗಿ ಒಳಬಿಡುವ ಸಿಲಿಕೋನ್ ಬೆರೆತ ಲೆನ್ಸುಗಳೂ, ಒಂದು ದಿನ ಧರಿಸಿ ಎಸೆಯುವ ಲೆನ್ಸುಗಳೂ ೧೯೯೦ರ ದಶಕದಲ್ಲಿ ಬಂದುವು.

ಕನ್ನಡಕದ ಗುಣಾವಗುಣಗಳು

ಕನ್ನಡಕದ ಮೊದಲನೆಯ ಗುಣವು ಅದು ಕಣ್ಣನ್ನು ಮುಟ್ಟದಿರುವುದು. ಹಾಕುವುದಕ್ಕೂ ತೆಗೆಯುವುದಕ್ಕೂ ಒಂದು ಕ್ಷಣ ಸಾಕು. ತೊಳೆಯಲು ಔಷಧದ್ರವವು ಬೇಡ. ಹಾಕಿಕೊಂಡೇ ಮಧ್ಯಾಹ್ನ ಒಂದು ಜೊಂಪು ನಿದ್ರೆ ಮಾಡಿದರೂ ಚೌಕಟ್ಟು ಸೊಟ್ಟಗಾದೀತೇ ಹೊರತು ಕಣ್ಣಿಗೆ ಹಾನಿಯಿಲ್ಲ. ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆಗೂ, ಬೀದಿಯ ಧೂಳಿಗೂ ಅದು ಒಂದಿಷ್ಟು ಅಡ್ಡಗೋಡೆಯಾಗುವುದು. ಒಮ್ಮೆ ಮಾಡಿಸಿದರೆ ಅಂಕಿ ಬದಲಾಗುವವರೆಗೆ ಬೇರೆ ಖರ್ಚಿಲ್ಲ. ನಾಲ್ವತ್ತು ದಾಟಿದ ಸಮೀಪದೃಷ್ಟಿಯವರು ಕನ್ನಡಕವನ್ನು ತೆಗೆದು ಪತ್ರಿಕೆಯನ್ನೋದುವುದನ್ನು ಎಲ್ಲರೂ ಕಂಡಿರುವೆವು. ಲೆನ್ಸ್ ಧರಿಸಿದವರಿಗೆ ಆ ಸೌಕರ್ಯವಿಲ್ಲ, ಅವರು ಓದಲು ಮತ್ತೊಂದು ಕನ್ನಡಕವನ್ನು ಹುಡುಕಬೇಕು.

ಅವಗುಣಗಳೂ ಇಲ್ಲದಿಲ್ಲ. ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದೊಡನೆ ಗಾಜಿನ ಮೇಲೆ ಆವಿ ಕವಿಯುವುದು. ಮಳೆಯಲ್ಲಿ ಹನಿಗಳು ದಾರಿಯನ್ನು ಮರೆಸುವುವು. ಚೌಕಟ್ಟಿನ ಆಚೆಗಿನ ನೋಟವು ಮಸುಕು. ಅಂಕಿ ಹೆಚ್ಚಾದಷ್ಟೂ ಗಾಜು ದಪ್ಪವಾಗಿ, ಮೂಗಿನ ಮೇಲೆ ಭಾರವಾಗಿ, ಋಣ ಅಂಕಿಯವರಿಗೆ ವಸ್ತುಗಳು ಇದ್ದುದಕ್ಕಿಂತ ಚಿಕ್ಕದಾಗಿ ಕಾಣುವುವು. ಆಟವಾಡುವವರಿಗೂ ನೃತ್ಯ ಮಾಡುವವರಿಗೂ ಇದು ದೊಡ್ಡ ಅಡಚಣೆ.

ಲೆನ್ಸಿನ ಗುಣಗಳು

ಲೆನ್ಸು ಕಣ್ಣಿನ ಜೊತೆಯಲ್ಲಿಯೇ ತಿರುಗುವುದರಿಂದ ಎತ್ತ ನೋಡಿದರೂ ನೋಟವು ಸ್ಪಷ್ಟ. ಆವಿಯಿಲ್ಲ, ಮಳೆಹನಿಯಿಲ್ಲ, ಜಾರುವ ಚೌಕಟ್ಟಿಲ್ಲ. ಇದಲ್ಲದೆ, ಅಲಂಕಾರದ ಮಾತನ್ನು ಬಿಟ್ಟು, ಕೇವಲ ದೃಷ್ಟಿಗಾಗಿಯೇ ಲೆನ್ಸು ಮೇಲೆನಿಸುವ ಸಂದರ್ಭಗಳುಂಟು.

ಒಂದನ್ನು ವಿವರಿಸುವೆವು. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ ಕಣ್ಣಿನ ಪೊರೆಯನ್ನು ತೆಗೆಯುತ್ತಿದ್ದುದು ಹಿರಿಯ ವಾಚಕರ ನೆನಪಿನಲ್ಲಿರಬಹುದು. ಆ ಕಾಲದಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದ ಬಳಿಕ ಕಣ್ಣಿನೊಳಗೆ ಬೇರೆ ಮಸೂರವನ್ನಿಡುವ ಪದ್ಧತಿಯು ಸಾಮಾನ್ಯವಾಗಿರಲಿಲ್ಲ. ರೋಗಿಗಳು ದಪ್ಪನಾದ ಉಬ್ಬುಗಾಜಿನ ಕನ್ನಡಕವನ್ನು ಧರಿಸುತ್ತಿದ್ದರು. ಅದರಲ್ಲಿ ವಸ್ತುಗಳು ಸುಮಾರು ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತಿದ್ದುವು. ಒಂದೇ ಕಣ್ಣಿಗೆ ಶಸ್ತ್ರಕ್ರಿಯೆಯಾಗಿದ್ದರೆ ಒಂದು ಕಣ್ಣಿಗೆ ದೊಡ್ಡ ಚಿತ್ರ, ಮತ್ತೊಂದಕ್ಕೆ ಚಿಕ್ಕ ಚಿತ್ರ. ಮಿದುಳು ಎರಡನ್ನೂ ಒಂದುಗೂಡಿಸಲಾರದೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಈಗ ಕಣ್ಣಿನೊಳಗೇ ಮಸೂರವನ್ನಿಡುವುದರಿಂದ ಆ ತೊಂದರೆಯು ಹೋಗಿದೆ. ಆದರೆ ಹುಟ್ಟಿನಿಂದಲೇ ಎರಡು ಕಣ್ಣುಗಳ ಅಂಕಿಯಲ್ಲಿ ಬಹಳ ಅಂತರವುಳ್ಳವರಿಗೆ ಇಂದಿಗೂ ಇದೇ ಬಗೆಯ ತೊಡಕಾಗುವುದುಂಟು. ಕಣ್ಣಿಗೇ ಅಂಟಿಕೊಳ್ಳುವ ಲೆನ್ಸಿನಲ್ಲಿ ಚಿತ್ರದ ಗಾತ್ರವು ಅಷ್ಟಾಗಿ ಬದಲಾಗದ ಕಾರಣ ಅವರಿಗೆ ಅದೇ ಹಿತ. ಕಾರ್ನಿಯಾವು ತೆಳುವಾಗಿ ಶಂಕುವಿನಂತೆ ಮುಂಚಾಚುವ ರೋಗವೊಂದುಂಟು. ಅದು ಬಲಿತಾಗ ಯಾವ ಕನ್ನಡಕವೂ ಸರಿಯಾದ ನೋಟವನ್ನು ಕೊಡಲಾರದು. ಗಾಳಿಯನ್ನು ಒಳಬಿಡುವ ಗಡುಸಾದ ಲೆನ್ಸು ಅಲ್ಲಿ ಹೊಸದೊಂದು ನಯವಾದ ಮೈಯನ್ನು ಒದಗಿಸಿ ದೃಷ್ಟಿಯನ್ನು ತಂದುಕೊಡುವುದು.

ಅಂಗಡಿಗೆ ಹೋಗುವ ಮುನ್ನ ಇನ್ನೊಂದು ಮಾತು. ಕನ್ನಡಕದ ಚೀಟಿಯನ್ನು ತೋರಿಸಿ ಲೆನ್ಸನ್ನು ಕೊಳ್ಳಬಾರದು. ಕನ್ನಡಕವು ಕಣ್ಣಿನಿಂದ ಸುಮಾರು ೧೨ ಮಿಲಿಮೀಟರು ದೂರದಲ್ಲಿರುವುದು, ಲೆನ್ಸು ಕಣ್ಣಿನ ಮೇಲೆಯೇ ಇರುವುದು. ಆದುದರಿಂದ ಕನ್ನಡಕದಲ್ಲಿ ಋಣ ಎಂಟು ಇದ್ದವರಿಗೆ ಲೆನ್ಸಿನಲ್ಲಿ ಸುಮಾರು ಏಳೂಕಾಲು ಸಾಕು. ಅಂಕಿಯಲ್ಲದೆ ಕಾರ್ನಿಯಾದ ಬಾಗು, ಲೆನ್ಸಿನ ಅಗಲ, ಕಣ್ಣೀರಿನ ಪ್ರಮಾಣ, ರೆಪ್ಪೆಯ ಸ್ಥಿತಿ ಇವೆಲ್ಲವನ್ನೂ ಪರೀಕ್ಷಿಸಿ, ಹಾಕಿ ನೋಡಿ, ಆಮೇಲೆ ನಿಶ್ಚಯಿಸಬೇಕು. ಲೆನ್ಸು ಕಣ್ಣಿನ ಹಿಂದಕ್ಕೆ ಜಾರಿಹೋಗುವುದೆಂದು ಹೆದರುವವರುಂಟು. ರೆಪ್ಪೆಯ ಒಳಪೊರೆಯು ಗುಡ್ಡೆಯ ಪೊರೆಯೊಡನೆ ಮಡಿಸಿ ಕೂಡಿಕೊಂಡಿರುವುದರಿಂದ ಅದು ಸಾಧ್ಯವಿಲ್ಲ.

ನಿಜವಾದ ಅಪಾಯ

ಭಯಪಡಬೇಕಾದುದು ಬೇರೆಯೇ ಇದೆ. ನಮ್ಮ ಪರಿಚಿತರ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳದಿರಲಾರೆವು. ಆ ಮನೆಯ ಹುಡುಗಿಯು ತನ್ನ ಮದುವೆಗೆಂದು ಹೊಸದಾಗಿ ಲೆನ್ಸ್ ಕೊಂಡಿದ್ದಳು. ವರಪೂಜೆಯ ದಿನ ಬೆಳಗ್ಗೆ ಹಾಕಿಕೊಂಡುದನ್ನು ರಾತ್ರಿ ತೆಗೆಯಲಿಲ್ಲ. ಬೆಳಗಿನ ಜಾವದ ಮುಹೂರ್ತಕ್ಕೆ ಏಳಬೇಕಾದುದರಿಂದ ಹಾಗೆಯೇ ಮಲಗಿದಳು. ಮರುದಿನವೆಲ್ಲ ಹೋಮದ ಹೊಗೆ, ಜನರ ಸಂದಣಿ. ಸಂಜೆಗೆ ಕಣ್ಣು ಕೆಂಪೇರಿತು. ‘ಹೊಗೆಗೆ ಹಾಗಾಗಿದೆ’ ಎಂದು ಯಾರೋ ಪನ್ನೀರು ಹಾಕಿದರು. ಆ ರಾತ್ರಿಯೂ ಲೆನ್ಸ್ ಕಣ್ಣಿನಲ್ಲಿಯೇ ಉಳಿಯಿತು. ಮೂರನೆಯ ದಿನ ಆಸ್ಪತ್ರೆಗೆ ಕರೆದೊಯ್ಯುವ ವೇಳೆಗೆ ಕಾರ್ನಿಯಾದ ಮೇಲೆ ಬಿಳಿಯ ಹುಣ್ಣಾಗಿತ್ತು. ಹಗಲಿರುಳೂ ಗಂಟೆಗೊಮ್ಮೆ ಔಷಧಿ ಹಾಕಿ ವೈದ್ಯರು ಕಣ್ಣನ್ನು ಉಳಿಸಿದರು. ಆದರೆ ಹುಣ್ಣು ಮಾಯ್ದಲ್ಲಿ ಕಲೆಯುಳಿದು, ಆ ಕಣ್ಣಿನ ನೋಟವು ಇಂದಿಗೂ ಮಂಜು ಮುಸುಕಿದಂತಿದೆ. ಮುಖದ ಅಂದಕ್ಕೆಂದು ಕೊಂಡ ವಸ್ತುವು ಕಣ್ಣಿನ ಬೆಳಕನ್ನೇ ಕಸಿದುಕೊಂಡಿತು.

ಇದು ಲೆನ್ಸಿನ ತಪ್ಪೆಂದು ನಾವು ಹೇಳುವುದಿಲ್ಲ. ನಿಯಮದಿಂದ ನಡೆಯುವವರಿಗೆ ಇಂತಹ ಹುಣ್ಣು ಅಪರೂಪ. ಆದರೆ ಲೆನ್ಸಿನೊಡನೆ ನಿದ್ರಿಸುವವರಿಗೆ ಅಪಾಯವು ಅನೇಕ ಪಟ್ಟು ಹೆಚ್ಚುವುದು. ಮುಚ್ಚಿದ ರೆಪ್ಪೆಯೊಳಗೆ ಗಾಳಿಯು ಕಡಿಮೆ, ಕಣ್ಣೀರಿನ ಹರಿವೂ ಕಡಿಮೆ. ಲೆನ್ಸಿನಡಿಯಲ್ಲಿ ಸಿಕ್ಕಿಬಿದ್ದ ರೋಗಾಣುಗಳಿಗೆ ಅದೇ ಸುಗ್ಗಿ. ನೀರಿನಿಂದಲೂ ಭಯವುಂಟು. ನಲ್ಲಿಯ ನೀರು, ಬಾವಿಯ ನೀರು, ಈಜುಕೊಳದ ನೀರು ಇವುಗಳಲ್ಲಿ ಅಕಾಂಥಮೀಬವೆಂಬ ಸೂಕ್ಷ್ಮಜೀವಿಯಿರಬಹುದು. ಅದು ಕಾರ್ನಿಯಾವನ್ನು ಹೊಕ್ಕರೆ ಚಿಕಿತ್ಸೆಯು ತಿಂಗಳುಗಟ್ಟಲೆ ನಡೆಯಬೇಕಾಗುವುದು. ನಾವು ಕುಡಿಯುವಷ್ಟು ಶುದ್ಧವಾದ ನೀರೂ ಲೆನ್ಸಿಗೆ ಶುದ್ಧವಲ್ಲವೆಂಬುದನ್ನು ಮರೆಯಬಾರದು.

ಲೆನ್ಸ್ ಧರಿಸುವವರು ಪಾಲಿಸತಕ್ಕ ನಿಯಮಗಳು

೧. ಮುಟ್ಟುವ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಪೂರ್ತಿಯಾಗಿ ಒರಸಿಕೊಳ್ಳಬೇಕು. ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ತೊಳೆದರೂ ಖಾರವುಳಿಯುವುದು. ಆದುದರಿಂದ ಅಡಿಗೆಗೆ ತೊಡಗುವ ಮೊದಲೇ ಲೆನ್ಸ್ ಹಾಕಿಕೊಳ್ಳುವುದು ಮೇಲು.

೨. ಲೆನ್ಸನ್ನೂ ಅದರ ಡಬ್ಬಿಯನ್ನೂ ಅದಕ್ಕೆಂದೇ ಮಾಡಿದ ದ್ರವದಿಂದ ಮಾತ್ರ ತೊಳೆಯಬೇಕು. ನೀರು, ಮನೆಯಲ್ಲಿ ಕಲಸಿದ ಉಪ್ಪುನೀರು, ಎಂಜಲು ಇವು ನಿಷಿದ್ಧ.

೩. ದ್ರವವನ್ನು ಪ್ರತಿದಿನವೂ ಚೆಲ್ಲಿ ಹೊಸದನ್ನು ತುಂಬಬೇಕು. ನಿನ್ನೆಯದರ ಮೇಲೆ ಇಂದಿನದನ್ನು ಸುರಿಯುವುದು ಮಿತವ್ಯಯವಲ್ಲ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಬೇಕು.

೪. ನಿದ್ರೆಗೂ ಸ್ನಾನಕ್ಕೂ ಈಜಿಗೂ ಮುನ್ನ ತೆಗೆದಿಡಬೇಕು. ಕಾಡಿಗೆಯನ್ನು ಲೆನ್ಸ್ ಹಾಕಿದ ಮೇಲೆ ಹಚ್ಚಬೇಕು. ಅಳಿಸುವ ಮೊದಲು ಲೆನ್ಸನ್ನು ತೆಗೆಯಬೇಕು.

೫. ತಿಂಗಳಿಗೆಂದು ಮಾಡಿದುದನ್ನು ತಿಂಗಳಿಗೇ ಎಸೆಯಬೇಕು. ಅಕ್ಕನ ಲೆನ್ಸನ್ನು ತಂಗಿ ಹಾಕಿಕೊಳ್ಳಬಾರದು. ಬಣ್ಣಕ್ಕಾಗಿ ಹಾಕುವ, ಅಂಕಿಯಿಲ್ಲದ ಲೆನ್ಸುಗಳಿಗೂ ಈ ನಿಯಮಗಳೆಲ್ಲವೂ ಅನ್ವಯಿಸುವುವು.

೬. ಕೆಂಪು, ನೋವು, ಬೆಳಕನ್ನು ನೋಡಲಾರದಿರುವುದು, ಮಸುಕು ಇವುಗಳಲ್ಲಿ ಒಂದು ಕಂಡರೂ ಕೂಡಲೆ ಲೆನ್ಸನ್ನು ತೆಗೆದು, ಅಂದೇ ನೇತ್ರವೈದ್ಯರನ್ನು ಕಾಣಬೇಕು; ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಮನೆಮದ್ದು ಕೂಡದು, ಕಣ್ಣಿಗೆ ಪಟ್ಟಿ ಕಟ್ಟಲೂ ಕೂಡದು.

೭. ಲೆನ್ಸಿದ್ದರೂ ಸರಿಯಾದ ಅಂಕಿಯ ಕನ್ನಡಕವೊಂದು ಮನೆಯಲ್ಲಿರಲೇಬೇಕು. ಕನ್ನಡಕವಿಲ್ಲದವರೇ ನೋಯುವ ಕಣ್ಣಿಗೆ ಲೆನ್ಸ್ ತುರುಕುವವರು.

ಯಾರಿಗೆ ಯಾವುದು?

ಚಿಕ್ಕ ಮಕ್ಕಳಿಗೂ, ಮರೆವಿನ ಸ್ವಭಾವದವರಿಗೂ, ಕಣ್ಣು ಒಣಗುವ ತೊಂದರೆಯುಳ್ಳವರಿಗೂ, ರೆಪ್ಪೆಯ ಉರಿ ತುರಿಗಳಿದ್ದವರಿಗೂ, ಧೂಳು ಹೊಗೆಗಳ ನಡುವೆ ದುಡಿಯುವವರಿಗೂ ಕನ್ನಡಕವೇ ಲೇಸು. ಎರಡು ಕಣ್ಣುಗಳ ಅಂಕಿಯಲ್ಲಿ ದೊಡ್ಡ ಅಂತರವಿದ್ದವರಿಗೂ, ಕಾರ್ನಿಯಾದ ಆಕಾರವು ಕೆಟ್ಟವರಿಗೂ, ಅಂಕಿಯು ಬಹಳ ಹೆಚ್ಚಿದವರಿಗೂ, ಆಟ ನೃತ್ಯಗಳಲ್ಲಿ ತೊಡಗಿದವರಿಗೂ ಲೆನ್ಸಿನಿಂದ ನಿಜವಾದ ಪ್ರಯೋಜನವುಂಟು. ಕೈಗೆ ಅನುಕೂಲವಿದ್ದರೆ ದಿನಕ್ಕೊಂದರಂತೆ ಎಸೆಯುವ ಲೆನ್ಸು ಒಳ್ಳೆಯದು. ಡಬ್ಬಿಯೂ ಇಲ್ಲ, ದ್ರವವೂ ಇಲ್ಲ. ಮಕ್ಕಳಲ್ಲಿ ಸಮೀಪದೃಷ್ಟಿಯ ಏರಿಕೆಯನ್ನು ನಿಧಾನಗೊಳಿಸುವ ವಿಶೇಷ ಲೆನ್ಸೊಂದಕ್ಕೆ ಅಮೇರಿಕದ ಸರಕಾರವು ೨೦೧೯ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ವೈದ್ಯರ ವಿವೇಚನೆಗೆ ಸೇರಿದ ವಿಷಯ. ಖರ್ಚಿಲ್ಲದ ಉಪಾಯವು ಗೃಹಸ್ಥರ ಕೈಯಲ್ಲಿಯೇ ಇದೆ: ಮಕ್ಕಳನ್ನು ದಿನಕ್ಕೆ ಎರಡು ಗಂಟೆಯಾದರೂ ಹೊರಗಿನ ಬೆಳಕಿನಲ್ಲಿ ಆಡಬಿಡುವುದು. ಬಯಲಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿಯು ಬರುವುದು ಕಡಿಮೆಯೆಂದು ಕಂಡುಬಂದಿದೆ.

ಇನ್ನು ನಮ್ಮ ಸೋದರಿಯ ಮಗಳ ಮಾತು. ಅವಳನ್ನು ಪರೀಕ್ಷಿಸಿದ ನೇತ್ರವೈದ್ಯೆಯು, “ನಿನ್ನ ಅಂಕಿಗೆ ಲೆನ್ಸು ಹಿತವೇ ಆಗುವುದಮ್ಮ, ಆದರೆ ಹಾಕಿ ತೆಗೆಯುವುದನ್ನು ಕಲಿಯಲೂ ಕಣ್ಣು ಒಗ್ಗಲೂ ಕೆಲವು ವಾರ ಬೇಕು. ಈ ವಾರದ ಸಮಾರಂಭಕ್ಕಾಗಿ ಅವಸರ ಮಾಡಬೇಡ” ಎಂದರು. ಹುಡುಗಿಯು ಕನ್ನಡಕ ಹಾಕಿಕೊಂಡೇ ವರನ ಕಡೆಯವರಿಗೆ ಕಾಫಿ ಕೊಟ್ಟಳು. ಎಂಟು ಅಂಕಿಯೆಂಬುದನ್ನು ತಂದೆಯು ತಾವಾಗಿಯೇ ತಿಳಿಸಿದರು. ಸಂಬಂಧವು ಕುದುರಿತೆ ಎಂದು ವಾಚಕರು ಕೇಳಬಹುದು. ಕುದುರಲಿಲ್ಲ, ಜಾತಕದಲ್ಲಿ ಏನೋ ಕೂಡಿಬರಲಿಲ್ಲವೆಂದು ಹೇಳಿಕಳುಹಿಸಿದರು. ನಿಜವಾದ ಕಾರಣವು ಕನ್ನಡಕವೇ ಎಂದು ತಾಯಿಯು ಇಂದಿಗೂ ಕೊರಗುತ್ತಿರುವಳು, ಇದ್ದರೂ ಇರಬಹುದು. ಕನ್ನಡಕವನ್ನು ಕಂಡು ಹಿಂದೆಗೆಯುವ ಮನೆಯವರು ಮದುವೆಯ ಮರುದಿನ ಬೆಳಗ್ಗೆ ಅದನ್ನು ಕಂಡಿದ್ದರೆ ಸೊಸೆಯನ್ನು ಹೇಗೆ ನಡೆಸಿಕೊಳ್ಳುತ್ತಿದ್ದರೆಂಬುದನ್ನು ಆಕೆಯು ಒಮ್ಮೆ ಯೋಚಿಸಬೇಕು.

ಹುಡುಗಿಯು ಈಗ ಲೆನ್ಸನ್ನು ಕಲಿತಿರುವಳು. ಭರತನಾಟ್ಯದ ಅಭ್ಯಾಸಕ್ಕೂ ಹೊರಗಿನ ಕೆಲಸಕ್ಕೂ ಅದನ್ನು ಹಾಕಿಕೊಳ್ಳುವಳು. ಮನೆಗೆ ಬಂದೊಡನೆ ತೆಗೆದು, ಕನ್ನಡಕವನ್ನು ಧರಿಸಿ, ದೀಪದ ಬಳಿ ಪುಸ್ತಕ ಹಿಡಿದು ಕೂಡುವಳು. ಮೊನ್ನೆ ಹಬ್ಬಕ್ಕೆ ಬಂದಿದ್ದಾಗ, ಊಟ ತಡವಾಗಿ ಎಲ್ಲರೂ ಜಗಲಿಯ ಮೇಲೆಯೇ ಒರಗಿದ್ದರೂ, ಅವಳೊಬ್ಬಳು ಎದ್ದುಹೋಗಿ ಕೈತೊಳೆದು ಲೆನ್ಸನ್ನು ಡಬ್ಬಿಗೆ ಹಾಕಿ ಬಂದು ಮಲಗಿದಳು. ಅಷ್ಟು ಶಿಸ್ತು ಉಳ್ಳವರು ಲೆನ್ಸನ್ನು ಧಾರಾಳವಾಗಿ ಧರಿಸಬಹುದು. ಇಲ್ಲದವರಿಗೆ ಮೂಗಿನ ಮೇಲಿನ ಹಳೆಯ ಗೆಳೆಯನೇ ಕ್ಷೇಮ.